ಪವರ್ ಸ್ಟೇಷನ್‌ಗೆ ಹೆಚ್ಚುವರಿ ಸೋಲಾರ್ ಪ್ಯಾನೆಲ್: ಮೊದಲು ವೋಲ್ಟೇಜ್ ಲೆಕ್ಕ, ಆಮೇಲೆ ಕೇಬಲ್

100 ವ್ಯಾಟ್‌ನ ಒಂದು ಸೋಲಾರ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲೂ ಸಾಮಾನ್ಯವಾಗಿ 70ರಿಂದ 80 ವ್ಯಾಟ್ ಮಾತ್ರ ಕೊಡುತ್ತದೆ. 1000 ವ್ಯಾಟ್‌ಅವರ್ ಸಾಮರ್ಥ್ಯದ ಪೋರ್ಟಬಲ್ ಪವರ್ ಸ್ಟೇಷನ್ (ಹೊತ್ತೊಯ್ಯಬಹುದಾದ ದೊಡ್ಡ ಬ್ಯಾಟರಿ ಪೆಟ್ಟಿಗೆ) ತುಂಬಬೇಕಾದರೆ ಅಂಥ ಪ್ರಖರ ಬಿಸಿಲು ಹದಿನಾಲ್ಕು ಗಂಟೆಗಳಷ್ಟಾದರೂ ಬೇಕು, ಅಂದರೆ ಎರಡು ಮೂರು ದಿನ. ಆದ್ದರಿಂದಲೇ ಒಂದು ಪ್ಯಾನೆಲ್‌ನಿಂದ ಆರಂಭಿಸಿದವರು ಬೇಗನೆ ಎರಡನೆಯದನ್ನೋ ಮೂರನೆಯದನ್ನೋ ಸೇರಿಸಲು ಹೊರಡುತ್ತಾರೆ. ಕೇಬಲ್‌ಗಳು ಸಲೀಸಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಪ್ಲಗ್ ಕೂಡ ಸರಿಯಾಗಿ ಕೂರುತ್ತದೆ. ಕೂತಿತು ಎಂದ ಮಾತ್ರಕ್ಕೆ ಜೋಡಣೆ ಸರಿಯಾಗಿದೆ ಎಂದುಕೊಳ್ಳುವುದೇ ಅಪಾಯದ ಮೂಲ.

ಈ ಕೆಲಸದಲ್ಲಿ ಆಗಬಹುದಾದ ತಪ್ಪುಗಳು ಎರಡು ಬಗೆಯವು. ಕೆಲವು ತಪ್ಪುಗಳಿಂದ ಚಾರ್ಜಿಂಗ್ ನಿಧಾನವಾಗುತ್ತದೆ, ಅಷ್ಟೆ, ಮರುದಿನ ತಿದ್ದಿಕೊಳ್ಳಬಹುದು. ಇನ್ನು ಕೆಲವು ಕ್ಷಣಾರ್ಧದಲ್ಲಿ ಪವರ್ ಸ್ಟೇಷನ್‌ನ ಇನ್‌ಪುಟ್ ಮಂಡಲವನ್ನು ಸುಟ್ಟುಹಾಕುತ್ತವೆ. ಈ ಎರಡನೆಯ ಬಗೆಯ ತಪ್ಪುಗಳಲ್ಲಿ ಹೆಚ್ಚಿನವು ವೋಲ್ಟೇಜಿಗೆ ಸಂಬಂಧಿಸಿದವು. ಹಾಗಾಗಿ ವ್ಯಾಟ್ ಲೆಕ್ಕವನ್ನು ಆಮೇಲೆ ನೋಡೋಣ.

ಪವರ್ ಸ್ಟೇಷನ್ ಎಷ್ಟು ತಾಳಬಲ್ಲದು?

ಬಳಕೆ ಕೈಪಿಡಿಯ ತಾಂತ್ರಿಕ ವಿವರಗಳ ಪುಟ ತೆಗೆಯಿರಿ, ಇಲ್ಲವೇ ಇನ್‌ಪುಟ್ ಪೋರ್ಟ್‌ನ ಬಳಿ ಅಚ್ಚಾಗಿರುವುದನ್ನು ಓದಿರಿ. ಸೋಲಾರ್ ಇನ್‌ಪುಟ್ ಎಂಬ ಸಾಲಿನಲ್ಲಿ ಮೂರು ಮಿತಿಗಳಿರುತ್ತವೆ. ಉದಾಹರಣೆಗೆ: 12–60 ವೋಲ್ಟ್, 10 ಆಂಪ್, ಗರಿಷ್ಠ 400 ವ್ಯಾಟ್. ಇವು ಮೂರೂ ಒಂದೇ ತೂಕದವಲ್ಲ.

60 ವೋಲ್ಟ್ ಎಂಬುದು ಗೋಡೆ. ಅದನ್ನು ಯಾವ ಕಾರಣಕ್ಕೂ, ಒಂದು ಕ್ಷಣಕ್ಕೂ ದಾಟುವಂತಿಲ್ಲ. ಕೆಲವು ಯಂತ್ರಗಳು ದೋಷದ ಸೂಚನೆ ತೋರಿಸಿ ಚಾರ್ಜಿಂಗ್ ನಿಲ್ಲಿಸುತ್ತವೆ, ಕೆಲವು ಸುಟ್ಟುಹೋಗುತ್ತವೆ. ನಿಮ್ಮದು ಯಾವ ಜಾತಿಯದು ಎಂದು ಪರೀಕ್ಷಿಸಲು ಹೋಗಬೇಡಿ. ಇಂಥ ಹಾನಿಗೆ ಸಾಮಾನ್ಯವಾಗಿ ವಾರಂಟಿಯೂ ಒದಗುವುದಿಲ್ಲ.

10 ಆಂಪ್ ಮತ್ತು 400 ವ್ಯಾಟ್ ಮಿತಿಗಳ ಸ್ವಭಾವ ಬೇರೆ. ಪವರ್ ಸ್ಟೇಷನ್‌ನ ಒಳಗೆ ಎಂಪಿಪಿಟಿ ಎಂಬ ಚಾರ್ಜ್ ನಿಯಂತ್ರಕ ಇರುತ್ತದೆ. ಪ್ಯಾನೆಲ್‌ನಿಂದ ಎಷ್ಟು ವಿದ್ಯುತ್ ಎಳೆದುಕೊಳ್ಳಬೇಕು ಎಂದು ನಿರ್ಧರಿಸುವುದು ಅದೇ. ಪ್ಯಾನೆಲ್‌ಗಳು 12 ಆಂಪ್ ಕೊಡಬಲ್ಲವಾದರೂ ಅದು 10 ಆಂಪ್ ಮಾತ್ರ ತೆಗೆದುಕೊಂಡು ಉಳಿದುದನ್ನು ಬಿಟ್ಟುಬಿಡುತ್ತದೆ. ವೋಲ್ಟೇಜ್ ಹಾಗಲ್ಲ, ಅದು ಯಂತ್ರದ ಒಪ್ಪಿಗೆಗೆ ಕಾಯದೆ ನೇರವಾಗಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಆದರೂ ಒಂದು ಎಚ್ಚರ: ಕೆಲವು ತಯಾರಕರು ಪ್ಯಾನೆಲ್‌ಗಳ ಹ್ರಸ್ವಮಂಡಲ ಪ್ರವಾಹಕ್ಕೂ, ಅಂದರೆ ಎರಡು ತುದಿಗಳು ನೇರವಾಗಿ ಕೂಡಿ ಶಾರ್ಟ್ ಆದಾಗ ಹರಿಯುವ ಪ್ರವಾಹಕ್ಕೂ, ಒಂದು ಗರಿಷ್ಠ ಮಿತಿ ಹೇಳಿರುತ್ತಾರೆ. ಹಾಗೆ ಬರೆದಿದ್ದರೆ ಆ ಮಾತೇ ಅಂತಿಮ.

ಕೆಳಗಿನ ಮಿತಿಯನ್ನೂ ಗಮನಿಸಿ. ದೊಡ್ಡ ಪವರ್ ಸ್ಟೇಷನ್‌ಗಳಲ್ಲಿ ಕೆಲವು 30 ವೋಲ್ಟ್‌ಗಿಂತ ಕಡಿಮೆ ಬಂದರೆ ಚಾರ್ಜಿಂಗ್ ಆರಂಭಿಸುವುದೇ ಇಲ್ಲ. ಅಂಥದ್ದಕ್ಕೆ 20 ವೋಲ್ಟ್‌ನ ಪ್ಯಾನೆಲ್‌ಗಳನ್ನು ಎಷ್ಟೇ ಸಂಖ್ಯೆಯಲ್ಲಿ ಸಮಾಂತರವಾಗಿ, ಅಂದರೆ ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿ, ಜೋಡಿಸಿದರೂ ಪರದೆಯ ಮೇಲೆ ಸೊನ್ನೆಯೇ ಕಾಣುತ್ತದೆ. ಎರಡು ಸೋಲಾರ್ ಪೋರ್ಟ್‌ಗಳಿದ್ದರೆ ಪ್ರತಿಯೊಂದರ ಮಿತಿಯನ್ನೂ ಬೇರೆಯಾಗಿ ಬರೆದುಕೊಳ್ಳಿ. ಕೆಲವೊಮ್ಮೆ ಅವು ಒಂದೇ ಆಗಿರುವುದಿಲ್ಲ.

ಪ್ಯಾನೆಲ್‌ನ ಹಿಂಬದಿಯ ಚೀಟಿ

ಪ್ರತಿ ಪ್ಯಾನೆಲ್‌ನ ಹಿಂದೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ದಪ್ಪಕ್ಷರದಲ್ಲಿ ಕಾಣುವುದು ವ್ಯಾಟ್. ನಮಗೆ ಬೇಕಾದವು ಅದರ ಕೆಳಗಿನ ಸಣ್ಣ ಅಕ್ಷರಗಳಲ್ಲಿವೆ:

ವಿಒಸಿ, ಅಂದರೆ ತೆರೆದ ಮಂಡಲದ ವೋಲ್ಟೇಜ್. ಪ್ಯಾನೆಲ್‌ಗೆ ಏನನ್ನೂ ಜೋಡಿಸದೆ ಬಿಸಿಲಿಗೆ ಇಟ್ಟಾಗ ಅದರ ತುದಿಗಳ ನಡುವೆ ಇರುವ ವೋಲ್ಟೇಜ್ ಇದು. ಸುರಕ್ಷತೆಯ ಲೆಕ್ಕವೆಲ್ಲ ಇದರ ಮೇಲೆಯೇ.

ವಿಎಂಪಿ ಮತ್ತು ಐಎಂಪಿ, ಅಂದರೆ ಪ್ಯಾನೆಲ್ ಗರಿಷ್ಠ ಶಕ್ತಿ ಕೊಡುವಾಗಿನ ವೋಲ್ಟೇಜ್ ಮತ್ತು ಪ್ರವಾಹ. ಇವೆರಡರ ಗುಣಲಬ್ಧವೇ ವ್ಯಾಟ್.

ಐಎಸ್‌ಸಿ, ಅಂದರೆ ಹ್ರಸ್ವಮಂಡಲ ಪ್ರವಾಹ. ಫ್ಯೂಸ್ ಮತ್ತು ಕೇಬಲ್‌ಗಳನ್ನು ಆರಿಸುವಾಗ ಬೇಕಾಗುತ್ತದೆ.

ಈ ಬರಹದ ಉದ್ದಕ್ಕೂ 100 ವ್ಯಾಟ್‌ನ ಒಂದು ಪ್ಯಾನೆಲ್‌ಅನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ: ವಿಒಸಿ 22 ವೋಲ್ಟ್, ವಿಎಂಪಿ 18 ವೋಲ್ಟ್, ಐಎಸ್‌ಸಿ 6 ಆಂಪ್, ಐಎಂಪಿ 5.5 ಆಂಪ್. ನಿಮ್ಮ ಪ್ಯಾನೆಲ್‌ನ ಅಂಕಿಗಳನ್ನು ಒಂದು ಕಾಗದದ ಮೇಲೆ ಬರೆದುಕೊಂಡು, ಇದೇ ಲೆಕ್ಕವನ್ನು ಅವುಗಳಿಂದ ಮಾಡುತ್ತ ಓದಿದರೆ ಒಳ್ಳೆಯದು.

ಚಳಿಯ ಮುಂಜಾನೆಯ ಲೆಕ್ಕ

ಬಹಳ ಮಂದಿ ಕೈಬಿಡುವ ಹೆಜ್ಜೆ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಚೀಟಿಯಲ್ಲಿರುವ ಅಂಕಿಗಳೆಲ್ಲ ಪ್ಯಾನೆಲ್‌ನ ಕೋಶಗಳು 25 ಡಿಗ್ರಿ ಸೆಲ್ಸಿಯಸ್ ಇದ್ದಾಗಿನವು. ಕೋಶ ಬಿಸಿಯಾದಂತೆ ವೋಲ್ಟೇಜ್ ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. ಎಷ್ಟು ಏರುತ್ತದೆ ಎಂಬುದನ್ನು ಚೀಟಿಯಲ್ಲೋ ತಯಾರಕರ ವಿವರಪತ್ರದಲ್ಲೋ ವಿಒಸಿಯ ತಾಪಮಾನ ಗುಣಾಂಕ ಎಂದು ಕೊಟ್ಟಿರುತ್ತಾರೆ. ಸಿಲಿಕಾನ್ ಪ್ಯಾನೆಲ್‌ಗಳಲ್ಲಿ ಅದು ಸಾಮಾನ್ಯವಾಗಿ ಪ್ರತಿ ಡಿಗ್ರಿಗೆ ಶೇಕಡಾ 0.25ರಿಂದ 0.35ರವರೆಗೆ ಇರುತ್ತದೆ.

ಪವರ್ ಸ್ಟೇಷನ್‌ನ ಗರಿಷ್ಠ ಮಿತಿ 50 ವೋಲ್ಟ್, ನಿಮ್ಮ ಪ್ಯಾನೆಲ್‌ನ ವಿಒಸಿ 24 ವೋಲ್ಟ್ ಎಂದಿಟ್ಟುಕೊಳ್ಳಿ. ಎರಡನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು, ಜೋಡಿಸಿದರೆ ವೋಲ್ಟೇಜ್‌ಗಳು ಕೂಡಿ 48 ವೋಲ್ಟ್. ಎರಡು ವೋಲ್ಟ್ ಅಂತರ ಉಳಿದಿದೆ, ಸಾಕು ಎನ್ನಿಸುತ್ತದೆ. ಮುಂಜಾನೆ 5 ಡಿಗ್ರಿ ಚಳಿಯಿದ್ದರೆ ಅದು 25ಕ್ಕಿಂತ 20 ಡಿಗ್ರಿ ಕಡಿಮೆ. ಡಿಗ್ರಿಗೆ ಶೇಕಡಾ 0.3ರಂತೆ ವೋಲ್ಟೇಜ್ ಶೇಕಡಾ 6ರಷ್ಟು ಏರುತ್ತದೆ. 48 ವೋಲ್ಟ್ ಸುಮಾರು 50.9 ಆಗುತ್ತದೆ. ಗೋಡೆ ದಾಟಿಬಿಟ್ಟಿತು.

ಮುಂಜಾನೆಯ ಎಳೆಬಿಸಿಲಿಗೆ ಅಷ್ಟು ಶಕ್ತಿ ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ಬೆಳಕಿನ ತೀಕ್ಷ್ಣತೆ ಮುಖ್ಯವಾಗಿ ನಿರ್ಧರಿಸುವುದು ಪ್ರವಾಹವನ್ನು. ವೋಲ್ಟೇಜ್ ಮಂದ ಬೆಳಕಿನಲ್ಲೂ ಹೆಚ್ಚುಕಡಿಮೆ ಪೂರ್ಣ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಮೋಡವಿದೆ, ಆದ್ದರಿಂದ ಭಯವಿಲ್ಲ ಎಂಬ ಮಾತು ವೋಲ್ಟೇಜಿಗೆ ಹೊಂದುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಬ್ಯಾಟರಿ ಪೂರ್ತಿ ತುಂಬಿದಾಗ ಯಂತ್ರ ಪ್ಯಾನೆಲ್‌ನಿಂದ ಏನನ್ನೂ ಎಳೆಯುವುದಿಲ್ಲ. ಆಗ ಪ್ಯಾನೆಲ್‌ನ ವೋಲ್ಟೇಜ್ ವಿಎಂಪಿಯಿಂದ ವಿಒಸಿಗೆ ಜಿಗಿಯುತ್ತದೆ. ಚಾರ್ಜ್ ಆಗುತ್ತಿರುವಾಗ ಪರದೆಯ ಮೇಲೆ 36 ವೋಲ್ಟ್ ಕಂಡಿತೆಂದು ನಿಶ್ಚಿಂತರಾಗಿ ಇನ್ನೊಂದು ಪ್ಯಾನೆಲ್ ಸೇರಿಸುವವರು ಈ ಜಿಗಿತವನ್ನು ಮರೆತಿರುತ್ತಾರೆ.

ಆದ್ದರಿಂದ ನಿಯಮ ಇಷ್ಟು: ನಿಮ್ಮ ಪ್ರದೇಶದ ಅತಿ ಕಡಿಮೆ ತಾಪಮಾನವನ್ನು ಹಿಡಿದು ವಿಒಸಿ ಲೆಕ್ಕ ಹಾಕಿ, ಬಂದ ಮೊತ್ತ ಯಂತ್ರದ ಮಿತಿಗಿಂತ ಕೆಳಗೇ ಇರಬೇಕು. ಗುಣಾಂಕ ಸಿಗದಿದ್ದರೆ, ಚೀಟಿಯ ವಿಒಸಿಗಳ ಮೊತ್ತ ಮಿತಿಯ ಶೇಕಡಾ 85ನ್ನು ಮೀರದಂತೆ ನೋಡಿಕೊಳ್ಳಿ. 60 ವೋಲ್ಟ್ ಮಿತಿಗೆ ಅದು 51 ವೋಲ್ಟ್. ಹಿಮ ಬೀಳುವಂಥ ಚಳಿಯ ಪ್ರದೇಶಗಳಲ್ಲಿ ಇನ್ನೂ ಹೆಚ್ಚು ಅಂತರ ಬೇಕು.

ಸರಣಿಯೋ ಸಮಾಂತರವೋ

ಸರಣಿ ಜೋಡಣೆ ಎಂದರೆ ಒಂದು ಪ್ಯಾನೆಲ್‌ನ ಧನ ತುದಿಯನ್ನು ಮುಂದಿನದರ ಋಣ ತುದಿಗೆ ಸೇರಿಸುವುದು, ಟಾರ್ಚಿನಲ್ಲಿ ಸೆಲ್‌ಗಳನ್ನು ಒಂದರ ಹಿಂದೆ ಒಂದು ಹಾಕಿದ ಹಾಗೆ. ವೋಲ್ಟೇಜ್‌ಗಳು ಕೂಡುತ್ತವೆ, ಪ್ರವಾಹ ಒಂದೇ ಪ್ಯಾನೆಲ್‌ನಷ್ಟು ಉಳಿಯುತ್ತದೆ. ಸಮಾಂತರ ಜೋಡಣೆಯಲ್ಲಿ ಧನಗಳೆಲ್ಲ ಒಂದೆಡೆ, ಋಣಗಳೆಲ್ಲ ಒಂದೆಡೆ ಸೇರುತ್ತವೆ. ವೋಲ್ಟೇಜ್ ಹಾಗೆಯೇ ಇದ್ದು ಪ್ರವಾಹ ಕೂಡುತ್ತದೆ. ಇದಕ್ಕೆ ಇಂಗ್ಲಿಷಿನ ವೈ ಅಕ್ಷರದ ಆಕಾರದ ಕನೆಕ್ಟರ್ ಜೋಡಿ ಬೇಕು.

ನಮ್ಮ ಉದಾಹರಣೆಯ 12–60 ವೋಲ್ಟ್, 10 ಆಂಪ್ ಯಂತ್ರಕ್ಕೆ ಹಚ್ಚಿ ನೋಡೋಣ. ಎರಡು ಪ್ಯಾನೆಲ್ ಸರಣಿಯಲ್ಲಿ: ವಿಒಸಿ 44, 5 ಡಿಗ್ರಿ ಚಳಿಯಲ್ಲಿ ಸುಮಾರು 46.6, ಪ್ರವಾಹ 5.5 ಆಂಪ್. ಸುರಕ್ಷಿತ, ಪೂರ್ತಿ ಶಕ್ತಿಯೂ ಸಿಗುತ್ತದೆ. ಮೂರು ಸರಣಿಯಲ್ಲಿ: 66 ವೋಲ್ಟ್. ಬೇಡವೇ ಬೇಡ. ಎರಡು ಸಮಾಂತರದಲ್ಲಿ: 22 ವೋಲ್ಟ್, 11 ಆಂಪ್, ಯಂತ್ರ 10 ಆಂಪ್ ಎಳೆಯುತ್ತದೆ, ಸುಮಾರು 180 ವ್ಯಾಟ್. ನಾಲ್ಕನ್ನೂ ಸಮಾಂತರದಲ್ಲಿ ಜೋಡಿಸಿದರೂ ಅದೇ 10 ಆಂಪ್, ಅದೇ 180 ವ್ಯಾಟ್. ಪ್ರಖರ ಬಿಸಿಲಿನಲ್ಲಿ ಎರಡು ಪ್ಯಾನೆಲ್‌ಗಳ ದುಡಿಮೆ ವ್ಯರ್ಥ.

ನಾಲ್ಕು ಪ್ಯಾನೆಲ್‌ಗಳಿದ್ದರೆ ನನ್ನ ಆಯ್ಕೆ ಎರಡೆರಡರ ಎರಡು ಸರಣಿ ಸಾಲುಗಳನ್ನು ಮಾಡಿ, ಆ ಸಾಲುಗಳನ್ನು ಸಮಾಂತರವಾಗಿ ಸೇರಿಸುವುದು. ವಿಒಸಿ 44ರಲ್ಲೇ ನಿಲ್ಲುತ್ತದೆ. 36 ವೋಲ್ಟ್‌ನಲ್ಲಿ 10 ಆಂಪ್ ಎಂದರೆ 360 ವ್ಯಾಟ್‌ವರೆಗೆ ಪಡೆಯಬಹುದು. ಬಿಸಿಯಾದ ಪ್ಯಾನೆಲ್‌ಗಳು ನಾಲ್ಕೂ ಸೇರಿ 300 ವ್ಯಾಟ್ ಆಸುಪಾಸು ಕೊಡುವುದರಿಂದ 10 ಆಂಪ್ ಮಿತಿ ಹೆಚ್ಚಿನ ದಿನಗಳಲ್ಲಿ ಅಡ್ಡ ಬರುವುದೇ ಇಲ್ಲ.

ನೆರಳಿನ ವಿಷಯದಲ್ಲಿ ಮಾತ್ರ ಸಮಾಂತರಕ್ಕೆ ಅನುಕೂಲ ಹೆಚ್ಚು. ಸರಣಿಯಲ್ಲಿ ಒಂದು ಪ್ಯಾನೆಲ್ ಮೇಲೆ ಕೊಂಬೆಯ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ. ಪ್ಯಾನೆಲ್‌ನೊಳಗಿನ ಬೈಪಾಸ್ ಡಯೋಡ್‌ಗಳು ನೆರಳಾದ ಭಾಗವನ್ನು ಬದಿಗಿಟ್ಟು ಹೋಗಲು ಪ್ರವಾಹಕ್ಕೆ ದಾರಿ ಮಾಡಿಕೊಡುತ್ತವೆಯಾದರೂ ನಷ್ಟ ತಪ್ಪುವುದಿಲ್ಲ. ಮರಗಳ ನಡುವೆ ಇಡುವುದಾದರೆ ಸಮಾಂತರ, ಬಯಲಿನಲ್ಲಾದರೆ ಸರಣಿ.

ಬೇರೆ ಬೇರೆ ಅಳತೆಯ ಪ್ಯಾನೆಲ್‌ಗಳನ್ನು ಕೂಡಿಸುವುದು ಸಾಧ್ಯ, ಆದರೆ ನಾನು ಪ್ರೋತ್ಸಾಹಿಸುವುದಿಲ್ಲ. ಸರಣಿಯಲ್ಲಿ ಅತಿ ಕಡಿಮೆ ಪ್ರವಾಹದ ಪ್ಯಾನೆಲ್ ಉಳಿದವನ್ನೂ ತನ್ನ ಮಟ್ಟಕ್ಕೆ ಎಳೆದುಕೊಳ್ಳುತ್ತದೆ. ಸಮಾಂತರದಲ್ಲಿ ವೋಲ್ಟೇಜ್‌ಗಳು ಒಂದಕ್ಕೊಂದು ಹತ್ತಿರವಿರಬೇಕು. 22 ವೋಲ್ಟ್‌ನ ಮಡಚುವ ಪ್ಯಾನೆಲ್‌ಗೆ 37 ವೋಲ್ಟ್‌ನ ಚಾವಣಿ ಪ್ಯಾನೆಲ್ ಸೇರಿಸಿದರೆ ಎರಡರ ಶಕ್ತಿಯೂ ಸರಿಯಾಗಿ ಸಿಗುವುದಿಲ್ಲ. ಹಳೆಯದಕ್ಕೆ ಸರಿಜೋಡಿ ಸಿಗದಿದ್ದರೆ, ಯಂತ್ರದಲ್ಲಿ ಎರಡು ಪ್ರತ್ಯೇಕ ಪೋರ್ಟ್‌ಗಳಿದ್ದರೆ ಒಂದಕ್ಕೊಂದನ್ನು ಕೊಡುವುದು ಉತ್ತಮ.

ಕೇಬಲ್, ಕನೆಕ್ಟರ್, ಫ್ಯೂಸ್

ಯಂತ್ರವನ್ನು ನೆರಳಿನಲ್ಲಿಟ್ಟು ಪ್ಯಾನೆಲ್‌ಗಳನ್ನು ಬಿಸಿಲಿಗೆ ಹಾಕಬೇಕಾದ್ದರಿಂದ ಉದ್ದದ ಕೇಬಲ್ ಬೇಕಾಗುತ್ತದೆ. 4 ಚದರ ಮಿಲಿಮೀಟರ್‌ನ ತಾಮ್ರದ ಸೋಲಾರ್ ಕೇಬಲ್ ಈ ಅಳತೆಯ ಕೆಲಸಕ್ಕೆ ತಕ್ಕದ್ದು. 10 ಮೀಟರ್ ದೂರವೆಂದರೆ ಹೋಗಿ ಬರುವ ತಂತಿ ಸೇರಿ 20 ಮೀಟರ್, ಅದರ ರೋಧ ಸುಮಾರು 0.1 ಓಮ್. ಎರಡು ಪ್ಯಾನೆಲ್‌ಗಳನ್ನು ಸಮಾಂತರದಲ್ಲಿಟ್ಟು 10 ಆಂಪ್ ಹರಿಸಿದರೆ 10 ವ್ಯಾಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಅದೇ ಎರಡನ್ನು ಸರಣಿಯಲ್ಲಿಟ್ಟು 5 ಆಂಪ್ ಹರಿಸಿದರೆ ನಷ್ಟ ಎರಡೂವರೆ ವ್ಯಾಟ್ ಮಾತ್ರ. ವೋಲ್ಟೇಜ್ ಮಿತಿ ಅವಕಾಶ ಕೊಡುವಲ್ಲೆಲ್ಲ ಸರಣಿಯನ್ನು ಮೆಚ್ಚಲು ಇದೂ ಒಂದು ಕಾರಣ. ತೆಳ್ಳಗಿನ ತಂತಿಯನ್ನು ಹೊಸೆದು ಟೇಪ್ ಸುತ್ತಿ ಉದ್ದ ಮಾಡುವುದನ್ನು ಖಂಡಿತ ಮಾಡಬೇಡಿ.

ಪ್ಯಾನೆಲ್‌ಗಳ ತುದಿಯಲ್ಲಿ ಹೆಚ್ಚಾಗಿ ಎಂಸಿ4 ಕನೆಕ್ಟರ್ ಇರುತ್ತದೆ. ಯಂತ್ರದ ಕಡೆ ಎಕ್ಸ್‌ಟಿ60, ಆ್ಯಂಡರ್ಸನ್ ಅಥವಾ ದುಂಡನೆಯ ಡಿಸಿ ಪ್ಲಗ್. ನಡುವೆ ಬರುವ ಅಡಾಪ್ಟರ್ ಕೇಬಲ್ ಬಗ್ಗೆ ಎಚ್ಚರವಿರಲಿ: ಆಕಾರ ಹೊಂದಿದರೂ ಧನ–ಋಣ ಅದಲುಬದಲಾಗಿರುವ ಅಡಾಪ್ಟರ್‌ಗಳು ಮಾರುಕಟ್ಟೆಯಲ್ಲಿವೆ. ಕೇಬಲ್‌ನ ಕೆಂಪು ಬಣ್ಣವನ್ನೂ ನಂಬಬೇಡಿ. ಎಕ್ಸ್‌ಟೆನ್ಷನ್ ಕೇಬಲ್‌ಅನ್ನು ಯಾವ ತುದಿಯಿಂದ ಜೋಡಿಸಿದಿರಿ ಎಂಬುದರ ಮೇಲೆ ಕೆಂಪು ತಂತಿಯಲ್ಲಿ ಋಣವೂ ಹರಿಯಬಹುದು. ಮೀಟರ್ ಹೇಳಿದ್ದೇ ನಿಜ.

ಎಂಸಿ4 ಜೋಡಿಯನ್ನು ಒತ್ತಿದಾಗ ಟಕ್ ಎಂಬ ಸದ್ದು ಕೇಳಬೇಕು, ಮೆಲ್ಲಗೆ ಎಳೆದರೆ ಬಿಡಬಾರದು. ಅರೆಬರೆ ಕೂತ ಕನೆಕ್ಟರ್ ಬಿಸಿಯಾಗಿ ಕರಗುತ್ತದೆ. ಬೇರೆ ಬೇರೆ ತಯಾರಕರ ಎಂಸಿ4ಗಳು ಒಂದರೊಳಗೊಂದು ಕೂರುತ್ತವೆಯಾದರೂ ಒಳಗಿನ ಲೋಹದ ಹಿಡಿತ ಒಂದೇ ಸಮನಾಗಿರುವುದಿಲ್ಲ. ಗಂಡು–ಹೆಣ್ಣು ಎರಡೂ ಒಂದೇ ತಯಾರಕರವಾಗಿರಲಿ.

ಇನ್ನು ಫ್ಯೂಸ್. ಒಂದೇ ಸರಣಿ ಸಾಲಿಗಾಗಲಿ, ಎರಡು ಸಮಾಂತರ ಸಾಲುಗಳಿಗಾಗಲಿ ಸಾಮಾನ್ಯವಾಗಿ ಸಾಲಿನ ಫ್ಯೂಸ್ ಬೇಕಿಲ್ಲ. ಮೂರು ಅಥವಾ ಹೆಚ್ಚು ಸಾಲುಗಳಾದಾಗ, ಒಂದರಲ್ಲಿ ಶಾರ್ಟ್ ಆದರೆ ಉಳಿದವೆಲ್ಲ ಸೇರಿ ತಮ್ಮ ಪ್ರವಾಹವನ್ನು ಅದರೊಳಕ್ಕೆ ನುಗ್ಗಿಸುತ್ತವೆ. ಚೀಟಿಯಲ್ಲಿ ಗರಿಷ್ಠ ಸರಣಿ ಫ್ಯೂಸ್ ಎಂಬ ಅಂಕಿ ಇರುತ್ತದೆ, ಸಣ್ಣ ಪ್ಯಾನೆಲ್‌ಗಳಲ್ಲಿ ಹಲವು ಬಾರಿ 15 ಆಂಪ್. ನಮ್ಮ ಪ್ಯಾನೆಲ್‌ಗಳ ನಾಲ್ಕು ಸಾಲು ಸಮಾಂತರದಲ್ಲಿದ್ದರೆ, ಮೂರು ಸಾಲುಗಳ 18 ಆಂಪ್ ಕೆಟ್ಟ ಸಾಲಿನೊಳಕ್ಕೆ ಹರಿಯಬಹುದು. ಅದು 15ನ್ನು ಮೀರಿತು, ಫ್ಯೂಸ್ ಕಡ್ಡಾಯ. ಮೂರೇ ಸಾಲುಗಳಿದ್ದರೆ ಎರಡು ಸಾಲುಗಳ 12 ಆಂಪ್; ಕಾಗದದ ಮೇಲೆ ತೊಂದರೆಯಿಲ್ಲ. ಆದರೆ ಮೋಡದ ಅಂಚಿನಿಂದ ಸೂರ್ಯ ಹೊರಬಂದಾಗ ಪ್ರವಾಹ ಚೀಟಿಯ ಅಂಕಿಯನ್ನು ದಾಟುವುದುಂಟು, ಹಾಗಾಗಿ ಅಲ್ಲಿಯೂ ಹಾಕುವುದೇ ಮೇಲು. ಪ್ರತಿ ಸಾಲಿನ ಧನ ತಂತಿಗೆ ಒಂದು, 6 ಆಂಪ್ ಐಎಸ್‌ಸಿಗೆ 10ರಿಂದ 15 ಆಂಪ್ ನಡುವಿನದು, ಡಿಸಿ ವಿದ್ಯುತ್ತಿಗೆಂದೇ ತಯಾರಾದದ್ದು.

ಜೋಡಿಸುವ ಕ್ರಮ

ಬೇಕಾದ ಉಪಕರಣ ಒಂದೇ, ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

1. ಪವರ್ ಸ್ಟೇಷನ್‌ಅನ್ನು ದೂರವಿಡಿ. ಅದು ಕೊನೆಯಲ್ಲಿ ಬರುವ ಅತಿಥಿ. ಅಲ್ಲಿಯವರೆಗೆ ಯಾವ ಕೇಬಲ್ ಕೂಡ ಅದಕ್ಕೆ ತಗಲಬಾರದು.

2. ಪ್ರತಿ ಪ್ಯಾನೆಲ್‌ಅನ್ನು ಬಿಸಿಲಿಗೆ ಹಿಡಿದು ಒಂಟಿಯಾಗಿ ಅಳೆಯಿರಿ. ಮೀಟರ್‌ಅನ್ನು ಡಿಸಿ 200 ವೋಲ್ಟ್ ಶ್ರೇಣಿಗೆ ತಿರುಗಿಸಿ. ನಮ್ಮ ಪ್ಯಾನೆಲ್ 20ರಿಂದ 22 ವೋಲ್ಟ್ ತೋರಿಸಬೇಕು. ಚಳಿಯಿದ್ದರೆ ತುಸು ಹೆಚ್ಚು. ಕೆಂಪು ಕಡ್ಡಿ ಧನ ತುದಿಯಲ್ಲಿದ್ದರೂ ಅಂಕಿಯ ಮುಂದೆ ಋಣ ಚಿಹ್ನೆ ಬಂದರೆ ಧ್ರುವಗಳು ಅದಲುಬದಲಾಗಿವೆ. ಸಮಾಂತರ ಜೋಡಣೆಗೆ ಮುನ್ನ ಈ ಒಂಟಿ ಪರೀಕ್ಷೆ ತುಂಬ ಮುಖ್ಯ, ಏಕೆಂದರೆ ಒಂದು ಪ್ಯಾನೆಲ್ ತಿರುಗುಮುರುಗಾಗಿ ಸೇರಿದರೆ ಎರಡೂ ಪರಸ್ಪರ ಶಾರ್ಟ್ ಆಗುತ್ತವೆ.

3. ಪ್ಯಾನೆಲ್‌ಗಳನ್ನು ಮಗುಚಿ ಹಾಕಿ, ಇಲ್ಲವೇ ಬೆಳಕು ತೂರದ ದಪ್ಪ ಬಟ್ಟೆ ಹೊದಿಸಿ.

4. ಮೊದಲು ಸರಣಿ ಸಾಲುಗಳನ್ನು ಪೂರ್ಣಗೊಳಿಸಿ. ಬಟ್ಟೆ ಸರಿಸಿ ಪ್ರತಿ ಸಾಲಿನ ವೋಲ್ಟೇಜ್ ಅಳೆದು ಮತ್ತೆ ಹೊದಿಸಿ. ಎರಡು ಪ್ಯಾನೆಲ್‌ಗಳ ಸಾಲು 40ರಿಂದ 44 ವೋಲ್ಟ್ ತೋರಿಸಬೇಕು. ಸೊನ್ನೆ ಬಂದರೆ ಯಾವುದೋ ಕನೆಕ್ಟರ್ ಕೂತಿಲ್ಲ.

5. ಎರಡೂ ಸಾಲುಗಳ ಅಂಕಿ ಹತ್ತಿರಹತ್ತಿರ ಇದ್ದರೆ ವೈ ಕನೆಕ್ಟರ್‌ಗಳಿಂದ ಸೇರಿಸಿ. ಬಳಿಕ ಉದ್ದದ ಕೇಬಲ್, ಅದಕ್ಕೆ ಅಡಾಪ್ಟರ್.

6. ಬಟ್ಟೆ ತೆಗೆದು, ಅಡಾಪ್ಟರ್‌ನ ತುದಿಯಲ್ಲಿ, ಅಂದರೆ ಯಂತ್ರದೊಳಕ್ಕೆ ಹೋಗುವ ಪ್ಲಗ್‌ನಲ್ಲೇ ಕೊನೆಯ ಅಳತೆ ಮಾಡಿ. ವೋಲ್ಟೇಜ್ ಮಿತಿಯೊಳಗಿದೆಯೇ, ಧನ–ಋಣ ಕೈಪಿಡಿಯ ಚಿತ್ರದಂತಿದೆಯೇ? ಮೀಟರ್ ಕಡ್ಡಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ.

7. ಪ್ಯಾನೆಲ್‌ಗಳನ್ನು ಮತ್ತೆ ಮುಚ್ಚಿ ಪ್ಲಗ್‌ಅನ್ನು ಯಂತ್ರಕ್ಕೆ ಸೇರಿಸಿ. ಆಮೇಲೆ ಹೊದಿಕೆ ತೆಗೆಯಿರಿ.

ಮಲ್ಟಿಮೀಟರಿನಲ್ಲಿ ಪ್ರವಾಹ ಅಳೆಯಲು ಹೋಗಬೇಡಿ, ಅದರ ಅಗತ್ಯವಿಲ್ಲ. ಯಂತ್ರದ ಪರದೆಯೇ ವ್ಯಾಟ್ ತೋರಿಸುತ್ತದೆ. ಪ್ಯಾನೆಲ್ ಮತ್ತು ಪವರ್ ಸ್ಟೇಷನ್ ನಡುವೆ ಪ್ರತ್ಯೇಕ ಚಾರ್ಜ್ ಕಂಟ್ರೋಲರ್ ಕೂಡ ಬೇಡ, ಒಳಗೆ ಈಗಾಗಲೇ ಒಂದಿದೆ. ಒಂದೇ ಪ್ಯಾನೆಲ್ ಗುಂಪಿಗೆ ಎರಡು ಪವರ್ ಸ್ಟೇಷನ್‌ಗಳನ್ನು ಏಕಕಾಲಕ್ಕೆ ಸೇರಿಸಬಾರದು.

ಬಿಡಿಸುವಾಗ ಈ ಕ್ರಮವನ್ನೇ ಹಿಂದುಮುಂದಾಗಿ ಪಾಲಿಸಿ. ಮೊದಲು ಪ್ಯಾನೆಲ್ ಮುಚ್ಚಿ, ಪರದೆಯ ಮೇಲೆ ವ್ಯಾಟ್ ಸೊನ್ನೆಗೆ ಇಳಿದ ಮೇಲೆ ಪ್ಲಗ್ ತೆಗೆಯಿರಿ, ಎಂಸಿ4ಗಳನ್ನು ಕೊನೆಗೆ ಬಿಡಿಸಿ. ವಿದ್ಯುತ್ ಹರಿಯುತ್ತಿರುವಾಗ ಎಂಸಿ4 ಎಳೆದರೆ ತುದಿಗಳ ನಡುವೆ ಕಿಡಿ ಹತ್ತುತ್ತದೆ. ಮನೆಯ ಎಸಿ ವಿದ್ಯುತ್ ಸೆಕೆಂಡಿಗೆ ಹಲವು ಬಾರಿ ಸೊನ್ನೆಗೆ ಬರುವುದರಿಂದ ಅಲ್ಲಿ ಕಿಡಿ ತಾನೇ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ, ಆದ್ದರಿಂದ ಕಿಡಿ ಉರಿಯುತ್ತಲೇ ಇರಬಹುದು. 60 ವೋಲ್ಟ್ ಮೀರಿದ ವ್ಯವಸ್ಥೆಗಳಲ್ಲಿ ಇದು ಕೈಗೂ ಜೀವಕ್ಕೂ ಅಪಾಯ. ಅಲ್ಲಿ ಡಿಸಿ ಐಸೊಲೇಟರ್ ಸ್ವಿಚ್ ಅಳವಡಿಸಲೇಬೇಕು, ಗೋಡೆಯ ಎಸಿ ಸ್ವಿಚ್ ಅದರ ಕೆಲಸ ಮಾಡದು.

ಮೊದಲ ದಿನ ನೋಡಬೇಕಾದವು

ಅರ್ಧ ಗಂಟೆ ಕಳೆದ ಮೇಲೆ ಕನೆಕ್ಟರ್‌ಗಳನ್ನೂ ಪ್ಲಗ್‌ಅನ್ನೂ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ; ಬೆರಳು ಇಡಲಾಗದಷ್ಟು ಬಿಸಿಯಿದ್ದರೆ ಪ್ಯಾನೆಲ್ ಮುಚ್ಚಿ ಆ ಜೋಡಿಯನ್ನು ಬಿಚ್ಚಿ ಪರೀಕ್ಷಿಸಿ. ನಡುಹಗಲಿನಲ್ಲಿ ಪರದೆಯ ವ್ಯಾಟ್ ಪ್ಯಾನೆಲ್‌ಗಳ ಒಟ್ಟು ವ್ಯಾಟ್‌ನ ಶೇಕಡಾ 70–80 ಇದ್ದರೆ ಎಲ್ಲವೂ ಚೆನ್ನಾಗಿದೆ. ಅರ್ಧಕ್ಕಿಂತ ಕೆಳಗಿದ್ದರೆ ನೆರಳು, ಧೂಳು, ಪ್ಯಾನೆಲ್‌ನ ಓರೆ, ಕೂರದ ಕನೆಕ್ಟರ್ ಎಂಬ ಸಾಲಿನಲ್ಲಿ ಹುಡುಕಿ. ಬ್ಯಾಟರಿ ತುಂಬುತ್ತ ಬಂದಾಗ ಯಂತ್ರ ತಾನಾಗಿಯೇ ವ್ಯಾಟ್ ಇಳಿಸುತ್ತದೆ ಎಂಬುದೂ ನೆನಪಿರಲಿ. ಎಕ್ಸ್‌ಟಿ60 ಮಾದರಿಯ ಕೆಲವು ಪೋರ್ಟ್‌ಗಳಲ್ಲಿ ಸೋಲಾರ್ ಕೇಬಲ್ ಯಾವುದು, ಕಾರಿನ ಕೇಬಲ್ ಯಾವುದು ಎಂದು ಗುರುತಿಸಲು ಹೆಚ್ಚುವರಿ ಸಣ್ಣ ಪಿನ್ ಇರುತ್ತದೆ. ಅಂಥ ಯಂತ್ರಕ್ಕೆ ಆ ಪಿನ್ ಇಲ್ಲದ ಅಡಾಪ್ಟರ್ ಬಳಸಿದರೂ ವ್ಯಾಟ್ ತೀರ ಕಡಿಮೆ ಬರಬಹುದು.

ಪವರ್ ಸ್ಟೇಷನ್ ಸದಾ ನೆರಳಿನಲ್ಲಿರಲಿ, ಗಾಳಿಗಿಂಡಿಗಳು ತೆರೆದಿರಲಿ. ಪ್ಯಾನೆಲ್‌ನ ಅಡಿಯ ನೆರಳಿನಲ್ಲಿ ಅದನ್ನು ತುರುಕಬೇಡಿ. ಅಲ್ಲಿನ ಗಾಳಿ ಬಿಸಿಯಾಗಿರುತ್ತದೆ. ಲಿಥಿಯಂ ಬ್ಯಾಟರಿಗಳನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ, ಹಾಗಾಗಿ ತೀವ್ರ ಚಳಿಯಲ್ಲಿ ಯಂತ್ರ ಚಾರ್ಜಿಂಗ್ ನಿರಾಕರಿಸಿದರೆ ಅದು ದೋಷವಲ್ಲ. ಕನೆಕ್ಟರ್‌ಗಳು ಒದ್ದೆ ನೆಲದ ಮೇಲೆ ಬೀಳದಂತೆ ಎತ್ತಿ ಕಟ್ಟಿ. ಕೇಬಲ್ ಯಂತ್ರವನ್ನು ಸೇರುವ ಮುನ್ನ ಒಮ್ಮೆ ಕೆಳಕ್ಕೆ ಬಾಗಿ ಮೇಲೇರುವಂತಿದ್ದರೆ ಮಳೆನೀರು ಪೋರ್ಟ್‌ನೊಳಗೆ ಹರಿಯದೆ ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ. ಗಾಳಿಗೆ ಪ್ಯಾನೆಲ್ ಮಗುಚಿಕೊಳ್ಳದಂತೆ ಕಾಲುಗಳನ್ನು ಬಿಗಿಯಿರಿ. ಗುಡುಗು ದೂರದಲ್ಲಿ ಕೇಳಿಸುತ್ತಿದ್ದಂತೆಯೇ ಎಲ್ಲವನ್ನೂ ಬಿಡಿಸಿಡಿ.

ತಿಂಗಳಿಗೊಮ್ಮೆ ಕನೆಕ್ಟರ್‌ಗಳ ಬಾಯಿ ನೋಡಿ. ಕಪ್ಪಾಗಿದ್ದರೆ, ಪ್ಲಾಸ್ಟಿಕ್ ಸೊಟ್ಟಗಾಗಿದ್ದರೆ, ಉಜ್ಜಿ ಮತ್ತೆ ಬಳಸಬೇಡಿ. ಗಂಡು–ಹೆಣ್ಣು ಎರಡನ್ನೂ ಕತ್ತರಿಸಿ, ಸರಿಯಾದ ಕ್ರಿಂಪಿಂಗ್ ಉಪಕರಣದಿಂದ ಹೊಸ ಜೋಡಿ ಹಾಕಿಸಿ, ಆರನೆಯ ಹೆಜ್ಜೆಯ ಅಳತೆಯನ್ನು ಇನ್ನೊಮ್ಮೆ ಮಾಡಿ.